ಆ ಹಕ್ಕಿಯ ನಿಜವಾದ ಬಣ್ಣ

ಹಬ್ಬದ ದಿನ ಮಧ್ಯಾಹ್ನ ಟೀವಿಯಲ್ಲಿ ಬರುತ್ತಿದ್ದ ಅರ್ಧ ಗಂಟೆಯ ಕಾರ್ಟೂನ್ ಚಿತ್ರಗಳನ್ನು ಯಾರಾದರೂ ಪುಣ್ಯಾತ್ಮರು ಡಿಸ್ಕ್ ಮಾಡಿ ಮಾರಲಿ ಎಂದು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುವವರು ಈ ದೇಶದಲ್ಲಿ ಎಷ್ಟು ಮಂದಿ ಇದ್ದಾರೋ ನನಗೆ ಗೊತ್ತಿಲ್ಲ. ನಮ್ಮ ಮನೆಯಲ್ಲಿ ಇಬ್ಬರಿದ್ದೆವು, ನಾನು ಮತ್ತು ನನ್ನ ಅಣ್ಣ. ಇಬ್ಬರೂ ಐವತ್ತರ ಹತ್ತಿರ ಬಂದವರು, ಹೈದರಾಬಾದಿನಲ್ಲೇ ಬೆಳೆದವರು. ಅಣ್ಣ ಅಮೀರ್‌ಪೇಟ್‌ನ ಒಂದು ಇನ್‌ಸ್ಟಿಟ್ಯೂಟಿನಲ್ಲಿ ಹುಡುಗರಿಗೆ ಕಂಪ್ಯೂಟರ್ ಕಲಿಸುತ್ತಾನೆ, ನಾನು ನಾಂಪಲ್ಲಿಯ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತೆ. ಕೆಳಗಿನ ಮನೆಯಲ್ಲಿ ಅಣ್ಣ, ಅತ್ತಿಗೆ, ಕಾಲೇಜಿಗೆ ಹೋಗುವ ಅವರ ಮಗಳು. ಮೇಲಿನ ಮನೆಯಲ್ಲಿ ನಾನು ಮತ್ತು ಅವ್ವ. ಹೊರಗಡೆ ತೆಲುಗು, ಹಿಂದಿ ಮಾತಾಡಿಕೊಂಡು ದಿನ ದೂಡುವ ನಾವು ಮನೆಗೆ ಬಂದ ಮೇಲೆ ಕಲಬುರಗಿ ಕಡೆಯ ಕನ್ನಡದಲ್ಲಿ ಜಗಳವಾಡುತ್ತೇವೆ. ಆ ಜಗಳಗಳಲ್ಲಿ ಎಲ್ಲಕ್ಕಿಂತ ಹಳೆಯದು ಒಂದು ಹಕ್ಕಿಯ ಬಣ್ಣದ್ದು.

ನಾವು ಚಿಕ್ಕವರಿದ್ದಾಗ ಕಾಚಿಗುಡದ ಒಂದು ಬಾಡಿಗೆ ಮನೆಯಲ್ಲಿದ್ದೆವು. ಅಪ್ಪ ಪಟಾನ್‌ಚೆರುವಿನ ಔಷಧಿ ಕಾರ್ಖಾನೆಗೆ ಬಸ್ಸು ಬದಲಿಸಿ ಬದಲಿಸಿ ಹೋಗಿ ಬರುತ್ತಿದ್ದ. ಮನೆಯಲ್ಲಿದ್ದದ್ದು ಕಪ್ಪು ಬಿಳುಪಿನ ಟೀವಿ. ಒಂದು ಜನವರಿಯಲ್ಲಿ ನಾಂಪಲ್ಲಿಯ ಎಕ್ಸಿಬಿಷನ್ನಿನಿಂದ ಅಪ್ಪ ಒಂದು ಪ್ಲಾಸ್ಟಿಕ್ ಹಾಳೆ ತಂದ. ಮೇಲೆ ನೀಲಿ, ನಡುವೆ ಕಿತ್ತಳೆ, ಕೆಳಗೆ ಹಸಿರು. ಅದನ್ನು ಟೀವಿಯ ಗಾಜಿನ ಮುಂದೆ ಸಿಕ್ಕಿಸಿದರೆ ಕಲರ್ ಟೀವಿ ಆಯಿತು ಅಂತ ಲೆಕ್ಕ. ವಾರ್ತೆ ಓದುವವಳ ಕೂದಲು ನೀಲಿ, ಮುಖ ಕಿತ್ತಳೆ, ಸೀರೆ ದಿನಾ ಹಸಿರು. ಕ್ರಿಕೆಟ್ ಆಡುವವರು ಸೊಂಟದವರೆಗೂ ಹುಲ್ಲಿನಲ್ಲಿ ಹೂತುಹೋದಂತೆ ಕಾಣುತ್ತಿದ್ದರು. ನಮ್ಮ ಓಣಿಯ ಮನೆ ಮನೆಯಲ್ಲೂ ಅದೇ ಹಾಳೆ, ಅದೇ ಎಕ್ಸಿಬಿಷನ್ನಿನದು. ನಿಜವಾದ ಕಲರ್ ಟೀವಿ ಕಂಡವರು ನಮ್ಮಲ್ಲಿ ಯಾರೂ ಇರಲಿಲ್ಲ, ಹಾಗಾಗಿ ತಪ್ಪು ಎಂದು ಹೇಳುವವರೂ ಇರಲಿಲ್ಲ.

ಆ ವರ್ಷದ ಸಂಕ್ರಾಂತಿಗೆ ಆ ಚಿತ್ರ ಬಂತು. ಇದ್ದದ್ದೇ ಒಂದು ಚಾನೆಲ್ಲು, ಅದರಲ್ಲಿ ಹಬ್ಬಕ್ಕೊಂದು ಚಿತ್ರ. ದೀಪಾವಳಿಗೆ ಮಣ್ಣಿನ ಹಣತೆಯೊಂದು ಎದ್ದು ನಡೆದಾಡುವ ಕಥೆ, ಹೋಳಿಹಬ್ಬಕ್ಕೆ ಬಣ್ಣ ಕಂಡರೆ ಹೆದರುವ ಆನೆಮರಿಯ ಕಥೆ. ಸಂಕ್ರಾಂತಿಯದು ಗುಂಪಿನಿಂದ ತಪ್ಪಿಸಿಕೊಂಡ ಒಂದು ಹಕ್ಕಿಯದು. ಗಾಳಿಪಟದ ಮಾಂಜಾ ದಾರಕ್ಕೆ ರೆಕ್ಕೆ ಸಿಕ್ಕಿ ಕೆಳಗೆ ಬಿದ್ದ ಆ ಹಕ್ಕಿ, ತಾಳೆಮರಗಳ ತೋಪಿನಲ್ಲಿ ಸಿಕ್ಕಸಿಕ್ಕವರನ್ನೆಲ್ಲ ನಮ್ಮವರು ಯಾವ ದಿಕ್ಕಿಗೆ ಹೋದರು ಎಂದು ಕೇಳುತ್ತಾ ತಿರುಗುತ್ತದೆ. ಹಾರಿದಾಗ ನೀಲಿ, ಕೊಂಬೆಯ ಮೇಲೆ ಕೂತಾಗ ಕಿತ್ತಳೆ, ನೆಲಕ್ಕಿಳಿದಾಗ ಹಸಿರು. ನಾನು ಬಾಯಿ ತೆರೆದು ನೋಡುತ್ತಿದ್ದೆ. ಅಣ್ಣ ಆಗಲೇ ಮೇಷ್ಟ್ರು. "ಮ್ಯಾಲ ಹೋದ್ರ ಆಕಾಶ ತನ್ನ ಬಣ್ಣ ಕೊಡತೈತಿ, ಕೆಳಗ ಬಂದ್ರ ಭೂಮಿ ಕೊಡತೈತಿ. ಅದಕ್ಕ ಅದರದು ಅಂತ ಬಣ್ಣನ ಇಲ್ಲ. ಅದಕ್ಕ ಅವರ ಮಂದಿ ಅದನ್ನ ಗುರುತ ಹಿಡಿಯವಲ್ರು" ಅಂದ. ಆ ಮಾತು ಕೇಳಿ ನಾನು ಅತ್ತುಬಿಟ್ಟೆ. ಮರುದಿನ ಓಣಿಯ ಮಕ್ಕಳೆಲ್ಲ ಅದನ್ನೇ ಹೇಳಿದರು: ಹಕ್ಕಿ ಬಣ್ಣ ಬದಲಿಸುತ್ತದೆ. ಇಡೀ ಓಣಿಯೇ ಸಾಕ್ಷಿ ಇರುವಾಗ ಇನ್ನೇನು ಅನುಮಾನ?

ಆ ಚಿತ್ರ ಮತ್ತೆ ಬರಲಿಲ್ಲ. ನಾವು ದೊಡ್ಡವರಾದೆವು, ಕಲರ್ ಟೀವಿ ಬಂತು, ಅಪ್ಪ ತೀರಿಕೊಂಡ, ಹಾಳೆ ಎಲ್ಲಿ ಹೋಯಿತೋ. ಆದರೆ ನಮ್ಮಿಬ್ಬರ ಹುಚ್ಚು ಹೋಗಲಿಲ್ಲ. ಫೋನಿನಲ್ಲಿ ನಮ್ಮಂಥ ಹುಚ್ಚರದೇ ಒಂದು ಗುಂಪು ಸಿಕ್ಕಿತು. ಹಳೆಯ ಹಬ್ಬದ ಕಾರ್ಟೂನುಗಳನ್ನು ನೆನೆಸಿಕೊಂಡು ಕೊರಗುವುದೇ ಅಲ್ಲಿ ಕೆಲಸ. ಅಣ್ಣ ಅದರಲ್ಲಿ ಬಹಳ ಗತ್ತಿನಿಂದ ಬರೆದ, ಬಣ್ಣ ಬದಲಿಸುವ ಹಕ್ಕಿಯ ಬಗ್ಗೆ, ಅಂಥ ಕಲ್ಪನೆ ಆ ಕಾಲದಲ್ಲಿ ಬೇರೆ ಯಾರಿಗೂ ಹೊಳೆದಿರಲಿಲ್ಲ ಎಂಬುದರ ಬಗ್ಗೆ. ಪುಣೆಯ ಒಬ್ಬರು ತಣ್ಣಗೆ ಕೇಳಿದರು: ನಿಮ್ಮ ಟೀವಿಗೆ ಪ್ಲಾಸ್ಟಿಕ್ ಹಾಳೆ ಇತ್ತಾ? ಗುಂಪಿನ ತುಂಬ ನಗುವೋ ನಗು. ಅಣ್ಣ ಎರಡು ದಿನ ಫೋನ್ ಮುಟ್ಟಲಿಲ್ಲ. ನಾನಂತೂ ಅವನನ್ನು ವರ್ಷಗಟ್ಟಲೆ ಆಡಿಕೊಂಡೆ, ಅವನ ಮಾತು ನಂಬಿ ಅತ್ತವಳು ನಾನೇ ಎಂಬುದನ್ನು ಮಾತ್ರ ಜಾಣತನದಿಂದ ಮರೆತು.

ಹಾಗಾದರೆ ಹಕ್ಕಿಯ ನಿಜವಾದ ಬಣ್ಣ ಯಾವುದು? ಇದು ಗುಂಪಿನಲ್ಲಿ ಯಾರಿಗೂ ಸರಿಯಾಗಿ ನೆನಪಿರಲಿಲ್ಲ. ಒಬ್ಬರು ಬೂದು ಅಂದರು, ಒಬ್ಬರು ಗುಲಾಬಿ, ಇನ್ನೊಬ್ಬರು ಹಳದಿ ಎಂದು ತಾಯಾಣೆ ಮಾಡಿದರು. ಇಂಟರ್ನೆಟ್ಟಿನಲ್ಲಿ ಯಾರೋ ಹಳೆಯ ಕ್ಯಾಸೆಟ್ಟಿನಿಂದ ತೆಗೆದು ಹಾಕಿದ ಒಂದು ತುಣುಕಿತ್ತು, ಅದರಲ್ಲಿ ಹಕ್ಕಿ, ಮರ, ಆಕಾಶ ಎಲ್ಲ ಒಂದೇ ಕೊಳೆ ನೀರಿನ ಬಣ್ಣ. ಡಿಸ್ಕ್ ಬಂದರೆ ಮಾತ್ರ ತಿಳಿಯುತ್ತದೆ ಎಂದು ಅಣ್ಣ ಹೇಳುತ್ತಿದ್ದ. ಅದು ಆಗ ಬರೀ ಆಟದ ಆಸೆ. ಬಂದರೂ ಆಯಿತು, ಬರದಿದ್ದರೂ ಯಾರ ಗಂಟೂ ಹೋಗುತ್ತಿರಲಿಲ್ಲ.

ಆಮೇಲೆ ಒಂದು ಸಂಜೆ ಅಣ್ಣ ಅಮೀರ್‌ಪೇಟ್‌ನಲ್ಲಿ ಚರಂಡಿಗೆ ಬಿದ್ದ. ಕಲ್ಲು ತೆಗೆದಿಟ್ಟಿದ್ದರು, ಸುತ್ತ ಕೆಂಪು ಪಟ್ಟಿ ಕಟ್ಟಿದ್ದರು, ನೂರಾರು ಹುಡುಗರು ಅದನ್ನು ಬಳಸಿಕೊಂಡು ಹೋಗುತ್ತಿದ್ದರು. ಇವನೊಬ್ಬ ಪಟ್ಟಿಯ ಸಮೇತ ಒಳಗಿಳಿದ. ಮೊಣಕಾಲಿಗೆ ಹೊಲಿಗೆ ಬಿತ್ತು. ಅತ್ತಿಗೆ ಅಳುತ್ತಾ ಹೇಳಿದ ಮೇಲೆಯೇ ನನಗೆ ಗೊತ್ತಾದದ್ದು, ಇದು ಮೊದಲ ಸಲ ಅಲ್ಲವಂತೆ. ಮನೆಯಲ್ಲಿ ಬಾಗಿಲ ಚೌಕಟ್ಟಿಗೆ ಹೆಗಲು ಬಡಿದುಕೊಳ್ಳುವುದು, ಸಿನಿಮಾ ಹಾಲಿನಲ್ಲಿ ಬೇರೆಯವರ ತೊಡೆಯ ಮೇಲೆ ಕೂರಲು ಹೋಗುವುದು, ಕ್ಲಾಸಿನಲ್ಲಿ ಪಕ್ಕದಿಂದ ಕೈ ಎತ್ತಿದ ಹುಡುಗನನ್ನು ನೋಡದೆಯೇ ಇರುವುದು, ಎಲ್ಲ ನಡೆದೇ ಇತ್ತು. ಕೆಲಸ ಹೋದೀತೆಂದು ಅವನು ಬಾಯಿಗೆ ಬೀಗ ಹಾಕಿಕೊಂಡಿದ್ದ. ನಾನು ಅವನಿಗೆ ಬಾಯಿಗೆ ಬಂದಂತೆ ಬೈದೆ, ಬೈದು ಮರುದಿನ ರಜೆ ಹಾಕಿ ಆಸ್ಪತ್ರೆಗೆ ಕರೆದುಕೊಂಡು ಹೋದೆ.

ಕಣ್ಣಿನ ಡಾಕ್ಟರು ಒಬ್ಬ ನಿಧಾನದ ಹೆಂಗಸು. ಬಹಳ ಹೊತ್ತು ಅವನ ಕಣ್ಣೊಳಗೆ ಬೆಳಕು ಬಿಟ್ಟು ನೋಡಿದರು. ಆಮೇಲೆ ತೆಲುಗಿನಲ್ಲಿ ಕೇಳಿದ ಮೊದಲ ಪ್ರಶ್ನೆಯೇ ನಿಮ್ಮ ತಂದೆ ತಾಯಿ ಸಂಬಂಧಿಕರೇ ಎಂದು. ಅಣ್ಣ ಊಟ ಆಯಿತೇ ಅಂದವರಿಗೆ ಉತ್ತರ ಕೊಡುವಷ್ಟು ಸಹಜವಾಗಿ ಹೇಳಿದ: ನಮ್ಮ ತಾಯಿ ತನ್ನ ಸ್ವಂತ ಸೋದರಮಾವನನ್ನೇ ಮದುವೆಯಾದವಳು. ನಮ್ಮ ಕಡೆ ಅದೇನು ಸುದ್ದಿಯಲ್ಲ. ಹೊರಗಿನ ಹೆಣ್ಣು ತಂದರೇನೇ ಸುದ್ದಿ. ಡಾಕ್ಟರು ಪೆನ್ನು ಕೆಳಗಿಟ್ಟರು. ಕಣ್ಣಿನ ಹಿಂದಿನ ಪರದೆ ಅಂಚಿನಿಂದ ಸಾಯುತ್ತಾ ಬರುತ್ತದೆ, ಮೊದಲು ಕತ್ತಲಲ್ಲಿ ಕಾಣುವುದು ಹೋಗುತ್ತದೆ, ಆಮೇಲೆ ಪಕ್ಕದ್ದು, ಕೊನೆಗೆ ನಟ್ಟನಡುವೆ ಒಂದು ಕಿಂಡಿ ಉಳಿಯುತ್ತದೆ, ಅದರಲ್ಲೂ ಬಣ್ಣ ಮಾಸುತ್ತದೆ, ಇದಕ್ಕೆ ಔಷಧಿ ಇಲ್ಲ ಅಂದರು. ಎಷ್ಟು ದಿನ ಎಂದು ಕೇಳಿದ್ದಕ್ಕೆ, ಹೇಳಲಿಕ್ಕೆ ಬರುವುದಿಲ್ಲ, ನೋಡಬೇಕೆಂದು ಏನೇನು ಅಂದುಕೊಂಡಿದ್ದೀರೋ ಬೇಗ ನೋಡಿಕೊಳ್ಳಿ ಅಂದರು. ಏಳುವಾಗ ನನ್ನ ಕಡೆ ತಿರುಗಿ, ಒಡಹುಟ್ಟಿದವರೂ ಒಮ್ಮೆ ತೋರಿಸಿಕೊಂಡರೆ ಒಳ್ಳೆಯದು ಅಂದರು. ನಾನು ತಲೆ ಅಲ್ಲಾಡಿಸಿದೆ.

ಮನೆಗೆ ಬಂದು ಅವ್ವನಿಗೆ ಹೇಳಿದೆವು. ಅವ್ವ ಹುಣಸೆಹಣ್ಣಿನ ಬೀಜ ಬಿಡಿಸುತ್ತಾ ಕೂತಿದ್ದಳು. ಕೈ ನಿಲ್ಲಿಸಲಿಲ್ಲ. "ನಿಮ್ಮ ಅಜ್ಜಾಗೂ ಇರುಳುಗಣ್ಣು ಇತ್ತು. ದೀಪ ಹಚ್ಚೂ ಹೊತ್ತಾದ್ರ ಕಟ್ಟೀಗೆ ಕುಂತವ ಏಳತಿದ್ದಿಲ್ಲ. ವಯಸ್ಸಾಗೇದ, ಅದಕ್ಕ ಅಂತ ನಾವು ತಿಳಕೊಂಡಿದ್ವಿ" ಅಂದಳು. ಅಜ್ಜ ಎಂದರೆ ಅಪ್ಪನ ಅಪ್ಪ, ಅವ್ವನಿಗೂ ತಾಯಿಯ ಕಡೆಯ ಅಜ್ಜ ಅವನೇ. ಎರಡೂ ಕಡೆಯಿಂದ ಅದೇ ಒಬ್ಬ ಮುದುಕ ಕಟ್ಟೆಯ ಮೇಲೆ ಕೂತು ನಮ್ಮನ್ನು ನೋಡುತ್ತಿದ್ದಾನೆ ಎನಿಸಿತು ನನಗೆ. ಅಣ್ಣ ಮಾತ್ರ ನಕ್ಕು, "ಹೋಗ್ಲಿ ಬಿಡವ್ವಾ, ಆ ಹಕ್ಕೀದೊಂದು ಬಣ್ಣ ನೋಡಿಬಿಟ್ರ ಸಾಕು ನನಗ" ಅಂದ. ತಮಾಷೆಗೆ ಹೇಳಿದ್ದು. ಆದರೆ ಅವತ್ತಿನಿಂದ ಅದು ತಮಾಷೆಯಾಗಿ ಉಳಿಯಲಿಲ್ಲ.

ಅದೇ ವಾರ ಗುಂಪಿನಲ್ಲಿ ಒಂದು ಸುದ್ದಿ ಬಂತು. ಆ ಹಬ್ಬದ ಚಿತ್ರಗಳ ಹಕ್ಕು ಯಾವುದೋ ಒಂದು ಕಂಪನಿಯ ಕೈಗೆ ಹೋಗಿದೆ, ಅವರ ಗೋದಾಮಿನಲ್ಲಿ ರೀಲುಗಳ ಡಬ್ಬಿಗಳಿವೆ, ಒಳಗೆ ಹೋಗಿ ನೋಡಿ ಬಂದವರೊಬ್ಬರ ಪ್ರಕಾರ ಕೆಲವು ಡಬ್ಬಿ ತೆರೆದರೆ ಹುಳಿ ವಾಸನೆ ಹೊಡೆಯುತ್ತದೆ. ಹುಳಿ ವಾಸನೆ ಬಂತೆಂದರೆ ಫಿಲ್ಮು ಕೊಳೆಯುತ್ತಿದೆ ಎಂದರ್ಥವಂತೆ. ಕೊಳೆಯುವುದು ನಿಲ್ಲುವುದಿಲ್ಲ, ಪಕ್ಕದ ಡಬ್ಬಿಗೂ ಹತ್ತುತ್ತದೆ, ಮಾಡುವುದಿದ್ದರೆ ಬೇಗ ಮಾಡಬೇಕು ಎಂದು ಅವರು ಬರೆದಿದ್ದರು. ಡಾಕ್ಟರು ಹೇಳಿದ್ದನ್ನೇ ಇವರೂ ಹೇಳುತ್ತಿದ್ದಾರಲ್ಲ ಅನಿಸಿತು. ಅಲ್ಲಿ ಫಿಲ್ಮು, ಇಲ್ಲಿ ಕಣ್ಣು, ಯಾವುದು ಮೊದಲು ಮುಗಿಯುತ್ತದೆ ಎಂಬುದಷ್ಟೇ ಬಾಕಿ. ಅಣ್ಣನಿಗೆ ನಾನು ಆ ಸುದ್ದಿ ಹೇಳಲಿಲ್ಲ, ಆದರೆ ಅವನೂ ಅದೇ ಗುಂಪಿನಲ್ಲಿದ್ದನಲ್ಲ, ಓದಿಯೇ ಇದ್ದ.

ಕಂಪನಿಯವರು ಡಿಸ್ಕ್ ತರುತ್ತೇವೆ ಎಂದು ಘೋಷಿಸಿದರು. ಶೀಘ್ರದಲ್ಲಿ ಅಂದರು. ಕಂಪನಿಗಳ ಶೀಘ್ರ ಎಂಥದ್ದು ಎಂದು ಹೇಳಬೇಕಾಗಿಲ್ಲ. ದಸರೆಗೆ ಅಂದದ್ದು ದೀಪಾವಳಿಗೆ ಹೋಯಿತು, ದೀಪಾವಳಿಯದು ಯುಗಾದಿಗೆ. ಪ್ರತಿ ಸಲ ಮುಂದೆ ಹೋದಾಗಲೂ ನಾನು ಅವರಿಗೆ ಇ-ಮೇಲ್ ಬರೆದು ಬಯ್ಯುತ್ತಿದ್ದೆ. ಮೂಲ ಧ್ವನಿಯನ್ನೇ ಇಡಿ, ಹೊಸಬರಿಂದ ಮಾತಾಡಿಸಬೇಡಿ. ಈಗಿನ ಅಗಲದ ಟೀವಿಗೆ ಹೊಂದಿಸುತ್ತೇವೆ ಎಂದು ಮೇಲೆ ಕೆಳಗೆ ಕತ್ತರಿಸಬೇಡಿ. ತೊಳೆದು ತಿಕ್ಕಿ ಹೊಳಪು ಕೊಟ್ಟು ಬಣ್ಣ ಬದಲಾಯಿಸಬೇಡಿ. ಎಲ್ಲದಕ್ಕೂ ಒಂದೇ ಉತ್ತರ ಬರುತ್ತಿತ್ತು: ನಿಮ್ಮ ಪ್ರೀತಿಗೆ ಧನ್ಯವಾದ. ಪ್ರೀತಿಯಂತೆ. ಆ ಉತ್ತರ ಓದಿದಾಗಲೆಲ್ಲ ಆ ಕಂಪನಿಯ ಬಾಗಿಲಿಗೆ ಹೋಗಿ ಕೂತುಬಿಡೋಣ ಅನಿಸುತ್ತಿತ್ತು.

ಕಾಯುವ ಆ ಕಾಲದಲ್ಲಿ ಅಣ್ಣನ ಜಗತ್ತು ನಮ್ಮ ಕಣ್ಣೆದುರಿಗೇ ಕುಗ್ಗಿತು. ಮೊದಲು ಸ್ಕೂಟರು ಬಿಟ್ಟ. ಆಮೇಲೆ ಸಂಜೆಯ ಕ್ಲಾಸು ಬಿಟ್ಟು ಬೆಳಗಿನವನ್ನು ಮಾತ್ರ ಇಟ್ಟುಕೊಂಡ. ಊಟಕ್ಕೆ ಕೂತರೆ ತಟ್ಟೆಯಲ್ಲಿ ರೊಟ್ಟಿ ಕಂಡಾಗ ಪಲ್ಯ ಕಾಣದು, ಪಲ್ಯ ಹುಡುಕುವಷ್ಟರಲ್ಲಿ ರೊಟ್ಟಿ ಕಳೆದುಹೋಗಿರುತ್ತಿತ್ತು. ಆಸ್ಪತ್ರೆಯಲ್ಲಿ ಯಾರೋ ಕಲಿಸಿಕೊಟ್ಟಿದ್ದರು, ನಡೆಯುವಾಗ ತಲೆಯನ್ನು ಎಡಕ್ಕೂ ಬಲಕ್ಕೂ ನಿಧಾನವಾಗಿ ತಿರುಗಿಸುತ್ತಾ ಇರಬೇಕು ಎಂದು. ಟೇಬಲ್ ಫ್ಯಾನಿನಂತೆ ತಿರುಗಿಸುತ್ತಾ ಅವನು ಮನೆಯೆಲ್ಲ ಓಡಾಡುತ್ತಿದ್ದ. ಮಗಳು ಮೊದಮೊದಲು ನಕ್ಕಳು, ಆಮೇಲೆ ಆ ನಗು ನಿಂತಿತು. ನೀಲಿಗೂ ಹಸಿರಿಗೂ ಅವನಿಗೆ ಗೊಂದಲ ಶುರುವಾದ ದಿನ ಅತ್ತಿಗೆ ನನ್ನನ್ನು ಅಡುಗೆಮನೆಗೆ ಕರೆದು, "ನಿಮ್ಮ ಕಂಪನಿಯವರಿಗೆ ಹೇಳ್ರಿ, ಲಗೂನ ಮಾಡಂತ" ಅಂದಳು. ಅವತ್ತಿನವರೆಗೂ ನಮ್ಮ ಕಾರ್ಟೂನಿನ ಹುಚ್ಚನ್ನು ಕಂಡರೆ ಮೂಗು ಮುರಿಯುತ್ತಿದ್ದವಳು ಅವಳು.

ಅವನನ್ನು ಮನೆಗೆ ಕರೆತರುವ ಕೆಲಸ ನನ್ನದಾಯಿತು. ಅವನ ಕ್ಲಾಸು ಬೆಳಿಗ್ಗೆ ಮುಗಿದರೂ ಇನ್‌ಸ್ಟಿಟ್ಯೂಟಿನವರು ಲೆಕ್ಕಪತ್ರ ಅದು ಇದು ಎಂದು ಸಂಜೆತನಕ ಕೂರಿಸಿಕೊಳ್ಳುತ್ತಿದ್ದರು. ನಾನು ನಾಂಪಲ್ಲಿಯಿಂದ ಮೆಟ್ರೋ ಹಿಡಿದು ಬಂದು ಅಮೀರ್‌ಪೇಟ್‌ನಲ್ಲಿ ಇಳಿದು, ಅವನ ಕೈ ಹಿಡಿದುಕೊಂಡು ಮತ್ತೆ ಮೆಟ್ರೋ ಹತ್ತಿಸುತ್ತಿದ್ದೆ. ಆ ರಸ್ತೆಯ ಸಂಜೆ ಗೊತ್ತಿದ್ದವರಿಗೆ ಗೊತ್ತು. ಎರಡೂ ಕಡೆಯಿಂದ ಕೋರ್ಸುಗಳ ಕರಪತ್ರ ಹಂಚುವ ಹುಡುಗರು, ಹಾಸ್ಟೆಲ್ಲಿಗೆ ಕರೆಯುವವರು, ಬಂಡಿಯ ಮೇಲೆ ಮಿರ್ಚಿ ಕರಿಯುವವರು. ಒಬ್ಬ ಹುಡುಗ ಎದುರಿನಿಂದ ಬಂದು ನನ್ನ ಭುಜಕ್ಕೆ ಢಿಕ್ಕಿ ಹೊಡೆದ. ಕಣ್ಣು ಕಾಣುವುದಿಲ್ಲವೇನಯ್ಯಾ ಎಂದು ನಾನು ತೆಲುಗಿನಲ್ಲಿ ಜಾಡಿಸಿದೆ. ಅವನು, ನಾನು ನಿಂತೇ ಇದ್ದೆ ಮೇಡಂ, ನೀವೇ ಬಂದು ಬಿದ್ದಿರಿ ಅಂದ. ಎಷ್ಟು ಧಿಮಾಕು ನೋಡು ಈಗಿನವರಿಗೆ ಎಂದು ಅಣ್ಣನಿಗೆ ಹೇಳಿದೆ. ಅಣ್ಣ ನನ್ನ ಕೈಯನ್ನು ಸ್ವಲ್ಪ ಗಟ್ಟಿಯಾಗಿ ಹಿಡಿದ.

ಆ ದಿನಗಳಲ್ಲಿ ನನಗೆ ವಿಪರೀತ ಸಿಟ್ಟು ಬರುತ್ತಿತ್ತು. ಕಚೇರಿಯಲ್ಲಿ ಚಹಾದವನು ಲೋಟವನ್ನು ನನ್ನ ಮೊಣಕೈ ಹತ್ತಿರ ಇಟ್ಟು ಹೋಗುತ್ತಾನೆ, ನಾನು ಕಡತ ಎಳೆದರೆ ಚಹಾ ಚೆಲ್ಲುತ್ತದೆ, ಇಡುವ ಜಾಗ ಅದಾ ಎಂದು ಅವನಿಗೆ ಬೈಗುಳ. ಮೆಟ್ಟಿಲ ಹತ್ತಿರ ಚಪ್ಪಲಿ ಬಿಟ್ಟವರಿಗೆ ಬೈಗುಳ. ಮೆಟ್ರೋ ನಿಲ್ದಾಣದ ಕೊನೆಯ ಮೆಟ್ಟಿಲನ್ನು ಬೇಕೆಂದೇ ಕತ್ತಲಲ್ಲಿಟ್ಟಿದ್ದಾರೆ ಎಂದು ಮೆಟ್ರೋದವರಿಗೆ ಬೈಗುಳ. ಇಡೀ ಹೈದರಾಬಾದು ನನ್ನ ಕಾಲಿಗೆ ಅಡ್ಡ ಬರಲೆಂದೇ ಹಟ ತೊಟ್ಟಿದೆ ಅನಿಸುತ್ತಿತ್ತು. ಅವ್ವ ಅಣ್ಣನಿಗೋಸ್ಕರ ಮನೆಯ ತುಂಬ ಹೆಚ್ಚು ಬೆಳಕಿನ ಬಲ್ಬು ಹಾಕಿಸಿದಳು, ಬಚ್ಚಲಿಗೂ ಜಗಲಿಗೂ ಬಿಡಲಿಲ್ಲ. ಕಣ್ಣು ಕುಕ್ಕುತ್ತದೆ ಎಂದು ಅತ್ತಿಗೆಯೂ ಮಗಳೂ ಗೊಣಗಿದರು. ನಾನು ಗೊಣಗಲಿಲ್ಲ, ನನಗೆ ಅದು ಹಿತವಾಗಿಯೇ ಇತ್ತು.

ಕಣ್ಣು ತೋರಿಸಿಕೊಂಡೆಯಾ ಎಂದು ಅಣ್ಣ ಆಗಾಗ ಕೇಳುತ್ತಿದ್ದ. "ಡಿಸ್ಕ್ ಬರ್ಲಿ, ಆಮ್ಯಾಗ ಹೋಗ್ತೀನಿ" ಎನ್ನುತ್ತಿದ್ದೆ. ಅದಕ್ಕೂ ಇದಕ್ಕೂ ಏನು ಸಂಬಂಧ ಎಂದು ಅವನು ಕೇಳಿದರೆ ನಾನು ಮಾತು ಬದಲಿಸುತ್ತಿದ್ದೆ. ಭಯ ಇತ್ತು, ಅಷ್ಟೇ. ಕಾಯಲು ಒಂದು ವಸ್ತು ಇರುವವರೆಗೂ ಬೇರೆ ಯಾವುದೂ ಬರುವುದಿಲ್ಲ ಎಂಬಂತೆ ನಾನು ಆ ಡಿಸ್ಕಿಗೆ ಜೋತುಬಿದ್ದಿದ್ದೆ.

ಕೊನೆಗೆ ಬಂತು. ಯಾವ ಘೋಷಣೆಯೂ ಇಲ್ಲದೆ, ಯಾವ ಹಬ್ಬವೂ ಅಲ್ಲದ ಒಂದು ವಾರದಲ್ಲಿ ಮಾರಾಟಕ್ಕೆ ಬಿಟ್ಟುಬಿಟ್ಟರು. ಗುಂಪಿನಲ್ಲಿ ಹಬ್ಬವೇ ಹಬ್ಬ. ಹಣತೆಯ ಚಿತ್ರದ ರೀಲು ಮಾತ್ರ ಉಳಿದಿರಲಿಲ್ಲವಂತೆ, ಅದನ್ನು ಬಿಟ್ಟು ಉಳಿದವನ್ನು ಹಾಕಿದ್ದರು. ನಮ್ಮ ಹಕ್ಕಿ ಇತ್ತು. ಮೂಲ ಧ್ವನಿ ಇತ್ತು, ಚೌಕದ ಚಿತ್ರ ಚೌಕವಾಗಿಯೇ ಇತ್ತು. ನನ್ನ ಬೈಗುಳ ಯಾರೋ ಓದಿದ್ದಾರೆ ಎಂದು ನಾನು ಬೀಗಿದೆ. ಆದರೆ ನಮ್ಮ ಮನೆಯಲ್ಲಿ ಡಿಸ್ಕ್ ಹಾಕುವ ಯಂತ್ರವೇ ಇಲ್ಲ. ಹಳೆಯದು ಎಂದೋ ಗುಜರಿಗೆ ಹೋಗಿತ್ತು. ಹೊಸದು ಯಾವ ಅಂಗಡಿಯಲ್ಲೂ ಇಲ್ಲ, ಕೇಳಿದರೆ ಅಂಗಡಿಯವರು ನನ್ನನ್ನು ಮೇಲೆ ಕೆಳಗೆ ನೋಡುತ್ತಾರೆ. ಸೊಸೆ ಕೋಠಿಯ ಹಳೇ ಸಾಮಾನಿನ ಅಂಗಡಿಗಳನ್ನೆಲ್ಲ ಅಲೆದು, ಮುಚ್ಚಳ ಒತ್ತಿ ಹಿಡಿದರೆ ಮಾತ್ರ ತೆರೆದುಕೊಳ್ಳುವ ಒಂದು ಯಂತ್ರ ತಂದಳು. ಸೊಸೆ ಎಂದರೆ ಅಣ್ಣನ ಮಗಳು, ನಮ್ಮಲ್ಲಿ ಹಾಗೆಯೇ ಕರೆಯುವುದು.

ಭಾನುವಾರ ಮಧ್ಯಾಹ್ನ ಎಲ್ಲರೂ ಕೆಳಗಿನ ಮನೆಯಲ್ಲಿ ಸೇರಿದೆವು. ಅಣ್ಣನನ್ನು ದೊಡ್ಡ ಟೀವಿಯ ಮುಂದೆ ಚಾಪೆಯ ಮೇಲೆ ಕೂರಿಸಿ, ನಾನು ಪಕ್ಕಕ್ಕೆ ಕೂತೆ. ಅವ್ವ, ಅತ್ತಿಗೆ, ಸೊಸೆ ಹಿಂದೆ ಸೋಫಾದಲ್ಲಿ. ಬಿಸಿಲು ಟೀವಿಯ ಮೇಲೆ ಬೀಳುತ್ತದೆಂದು ಸೊಸೆ ಪರದೆ ಎಳೆದಳು, ಬಲ್ಬು ಆರಿಸಿದಳು. ಕೋಣೆ ಮಬ್ಬಾಯಿತು. ಅವನಿಗೆ ಈಗ ಉಳಿದಿದ್ದ ಕಿಂಡಿಯಲ್ಲಿ ಹಕ್ಕಿ ಸಿಕ್ಕೀತೋ ಇಲ್ಲವೋ, ಸಿಕ್ಕರೂ ಅದರ ಬಣ್ಣ ತಿಳಿದೀತೋ ಇಲ್ಲವೋ ಎಂಬುದೇ ನನ್ನ ಚಿಂತೆಯಾಗಿತ್ತು.

ಗಾಳಿಪಟಗಳು ಬಂದವು. ಗುಂಪು ಹಾರಿತು. ಒಂದು ಹಕ್ಕಿ ಬಿತ್ತು. ಅಣ್ಣ ಮುಂದಕ್ಕೆ ಬಗ್ಗಿ, ತಲೆಯನ್ನು ಒಂದಿಷ್ಟು ಆ ಕಡೆ ಈ ಕಡೆ ಮಾಡಿ, ಹಕ್ಕಿಯನ್ನು ಹಿಡಿದ.

"ಬಿಳೇದು ಐತಿ" ಅಂದ. "ಬರೇ ಬಿಳೇದು. ಹೌದಲ್ಲ ತಂಗಿ?"

ಹೌದು, ಬಿಳಿಯದೇ. ಚಿತ್ರ ಬರೆದವರು ಆಕಾಶಕ್ಕೆ, ಮರಕ್ಕೆ, ನೆಲಕ್ಕೆಲ್ಲ ಬಣ್ಣ ತುಂಬಿ ಹಕ್ಕಿಯನ್ನು ಮಾತ್ರ ಬಿಳಿಯ ಕಾಗದದಂತೆ ಬಿಟ್ಟಿದ್ದರು. ಬಿಳಿಯದಾದ್ದರಿಂದಲೇ ಎಕ್ಸಿಬಿಷನ್ನಿನ ಹಾಳೆ ಯಾವ ಬಣ್ಣ ಕೊಟ್ಟರೆ ಅದನ್ನು ಅದು ಹೊತ್ತುಕೊಂಡು ಹಾರಿತ್ತು. ಅಣ್ಣ ನಗತೊಡಗಿದ. "ಹಂಗಾದ್ರ ನಾ ಹೇಳಿದ್ದು ಸುಳ್ಳಲ್ಲ ನೋಡು. ಅದರದು ಅಂತ ಬಣ್ಣ ಇದ್ದಿದ್ದಿಲ್ಲ" ಅಂದ. ಎಷ್ಟೋ ತಿಂಗಳ ಮೇಲೆ ಅವನು ಹಾಗೆ ನಕ್ಕದ್ದು. ಅತ್ತಿಗೆ ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಸಾಕು, ಗೆದ್ದೆವು, ಕಣ್ಣಿಗಿಂತ ಮೊದಲು ಡಿಸ್ಕ್ ಬಂತು ಎಂದುಕೊಂಡೆ.

ಚಿತ್ರ ಮುಂದುವರಿಯಿತು. ರಾತ್ರಿಯ ದೃಶ್ಯ ಬಂತು. ತಾಳೆಮರಗಳ ನಡುವೆ ಹಕ್ಕಿ ಕೂತು ಚಂದ್ರನನ್ನು ದಾರಿ ಕೇಳುತ್ತಿತ್ತು. ಹಿಂದಿನಿಂದ ಸೊಸೆ ಕಿಸಕ್ಕೆಂದು ನಕ್ಕಳು.

"ಆ ಗೂಗಿ ನೋಡು ಅತ್ತಿ, ಹೆಂಗ ಕಣ್ಣ ಹೊಡೀತೈತಿ."

"ಗೂಗೀನ ಯಾಕ ಹಾಕ್ಯಾರೋ ಏನೋ, ಹಬ್ಬದ ದಿನದ ಸಿನಿಮಾದಾಗ" ಎಂದು ಅವ್ವ ಗೊಣಗಿದಳು.

"ಎಲ್ಲಿ?" ಅಂದೆ.

"ಅಲ್ಲೇ ಮೂಲ್ಯಾಗ, ಎಡಕ್ಕ. ಭಾಳ ಹೊತ್ತಿನಿಂದ ಐತಲ್ಲ."

ನಾನು ನೋಡಿದೆ. ಹಕ್ಕಿ ಕಂಡಿತು, ಚಂದ್ರ ಕಂಡ. ಆಚೆಗೆ ಕತ್ತಲೆ. ಕತ್ತಲೆಯಲ್ಲಿ ಕತ್ತಲೆಯೇ. ಪೊರೆ ತೆಗೆಸಿಕೊಂಡ ಅವ್ವನ ಕಣ್ಣಿಗೂ ಕಂಡ ಗೂಬೆ ನನಗೆ ಕಾಣಲಿಲ್ಲ. ಅಣ್ಣ ತಲೆ ತಿರುಗಿಸಿ ಮೂಲೆ ಮೂಲೆ ಹುಡುಕಿ, ಹೂಂ, ಐತಿ ಅಂದ. "ಈ ಡಿಸ್ಕ್ ಮಾಡಿದವರು ಕತ್ತಲಿ ಜಾಸ್ತಿ ಮಾಡಿಬಿಟ್ಟಾರ" ಎಂದು ನಾನು ರೇಗಿದೆ. ಸೊಸೆಯ ನಗು ನಿಂತಿತ್ತು.

ಅಣ್ಣ ಸೊಸೆಗೆ ಚಿತ್ರ ನಿಲ್ಲಿಸಲು ಹೇಳಿದ. ನಿಂತ ಚಿತ್ರದಲ್ಲಿ ಹಕ್ಕಿ ನಟ್ಟನಡುವೆ ಇತ್ತು. ಅವನು ನನ್ನ ಕಡೆ ಪೂರ್ತಿ ತಿರುಗಿ ಕೂತ.

"ತಂಗಿ, ಹಕ್ಕೀನ ನೋಡು. ಅದರ ಮ್ಯಾಲಿಂದ ಕಣ್ಣ ತಗೀಬ್ಯಾಡ. ತಲಿ ಅಳ್ಳಾಡಸಬ್ಯಾಡ."

ನೋಡಿದೆ.

"ನಾ ನಿನ್ನ ಬಾಜೂಕ ಕೈ ಹಿಡೀತೀನಿ. ಎಷ್ಟು ಬಳ್ಳು ಅಂತ ಹೇಳು."

ಆಸ್ಪತ್ರೆಯಲ್ಲಿ ಪಕ್ಕಕ್ಕೆ ಬೆರಳು ಎತ್ತಿ ಹಿಡಿದು ಅವನಿಗೆ ಮಾಡುತ್ತಿದ್ದ ಪರೀಕ್ಷೆ ಅದು. ನನಗೆ ಸಿಟ್ಟು ಬಂತು, ಅಳುವೂ ಬಂತು. ಬೇಗ ಮುಗಿಸಿಬಿಡೋಣ ಎಂದು ಹಕ್ಕಿಯನ್ನೇ ದಿಟ್ಟಿಸುತ್ತಾ ಕೂತೆ. ಅವನು ಸುಮ್ಮನೇ ಇದ್ದ. ಹಿಂದಿನ ಸೋಫಾದಲ್ಲಿ ಅವ್ವನ ಉಸಿರು ಕೇಳಿಸುತ್ತಿತ್ತು.

"ಲಗೂನ ಕೈ ಎತ್ತಣ್ಣ, ಹೇಳ್ತೀನಿ" ಅಂದೆ.

"ಎತ್ತೇ ಹಿಡದೀನಿ ತಂಗಿ" ಅಂದ.